ಹಾಳೆಯ ಅಂಚು ದಾಟಿದ ಬಣ್ಣ

ತೆತ್ಸುಕೊ ಕುರೊಯಾನಾಗಿ ಅವರ 'ತೊತ್ತೊ-ಚಾನ್' ಪುಸ್ತಕದ ಮೊದಲ ಪುಟಗಳಲ್ಲೇ ಒಂದು ಚಿತ್ರಕಲೆಯ ತರಗತಿ ಬರುತ್ತದೆ. ಧ್ವಜದ ಚಿತ್ರ ಬರೆಯಿರಿ ಎಂದು ಟೀಚರ್ ಹೇಳುತ್ತಾರೆ. ಉಳಿದ ಮಕ್ಕಳು ಜಪಾನಿನ ಧ್ವಜ ಬರೆದರೆ ತೊತ್ತೊ-ಚಾನ್ ನೌಕಾಪಡೆಯ ಧ್ವಜ ಬರೆಯುತ್ತಾಳೆ. ಅಷ್ಟಕ್ಕೇ ಸುಮ್ಮನಾಗದೆ ಅದರ ಸುತ್ತ ಹಳದಿ ಕುಚ್ಚು ಕಟ್ಟಲು ಹೊರಡುತ್ತಾಳೆ. ಧ್ವಜವೇ ಹಾಳೆ ತುಂಬಿಕೊಂಡಿದೆ, ಕುಚ್ಚಿಗೆ ಜಾಗವಿಲ್ಲ. ಹಾಗಾಗಿ ಕ್ರೇಯಾನ್ ಹಾಳೆಯ ಅಂಚು ದಾಟಿ ಡೆಸ್ಕಿನ ಮೇಲೆ ಓಡುತ್ತದೆ. ಎಷ್ಟು ಉಜ್ಜಿದರೂ ಆ ಬಣ್ಣ ಹೋಗುವುದಿಲ್ಲ. ಪುಣ್ಯಕ್ಕೆ ಕುಚ್ಚು ಮೂರು ಕಡೆ ಮಾತ್ರ. ನಾಲ್ಕನೆಯ ಕಡೆ ಧ್ವಜದ ಕಂಬ ಇದೆ, ಕಂಬದ ಕಡೆ ಕುಚ್ಚು ಇರುವುದಿಲ್ಲವಲ್ಲ! ಮಗುವಿನ ತರ್ಕ ಇಷ್ಟು ಕರಾರುವಾಕ್ಕಾಗಿದ್ದರೂ ಟೀಚರಿಗೆ ಕಾಣುವುದು ಹಾಳಾದ ಡೆಸ್ಕು ಮಾತ್ರ. ಹುಡುಗಿಯನ್ನು ಶಾಲೆಯಿಂದ ಬಿಡಿಸಿ ಎಂದು ತಾಯಿಗೆ ಹೇಳುವಾಗ ಅವರು ಒಪ್ಪಿಸುವ ದೂರುಗಳ ಪಟ್ಟಿಯಲ್ಲಿ ಈ ಕುಚ್ಚಿನ ದೂರೂ ಒಂದು.

ಅದೇ ಪುಸ್ತಕದಲ್ಲಿ ಮುಂದೆ ಇನ್ನೊಂದು ತರಗತಿ ಬರುತ್ತದೆ. ಇದು ರೈಲು ಬೋಗಿಗಳನ್ನೇ ಕೊಠಡಿ ಮಾಡಿಕೊಂಡ ತೊಮೊಎ ಶಾಲೆ. ಮುಖ್ಯೋಪಾಧ್ಯಾಯ ಸೊಸಾಕು ಕೊಬಾಯಾಶಿ ಸಭಾಂಗಣದಲ್ಲಿ ಪಿಯಾನೊ ನುಡಿಸುತ್ತಾರೆ. ಮಕ್ಕಳು ನೆಲದ ಮೇಲೆ ಬೋರಲಾಗಿ ಮಲಗಿಯೋ ಕುಕ್ಕರಗಾಲಲ್ಲಿ ಕೂತೋ ತಾವು ಕೇಳಿದ ಲಯವನ್ನು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಬರೆಯಲು ಇಡೀ ನೆಲವೇ ಇದೆ. ಒಬ್ಬರ ಗೆರೆ ಇನ್ನೊಬ್ಬರ ಗೆರೆಯ ಮೇಲೆ ಹೋದರೂ ಯಾರೂ ಬೈಯುವುದಿಲ್ಲ. ಎಂಥ ಸೀಮೆಸುಣ್ಣ ಒಳ್ಳೆಯದು, ಮುರಿಯದ ಹಾಗೆ ಅದನ್ನು ಹೇಗೆ ಹಿಡಿಯಬೇಕು ಎಂಬುದರಲ್ಲಿ ಅಲ್ಲಿನ ಪ್ರತಿ ಮಗುವೂ ಪಳಗಿದೆ. ಎಲ್ಲ ಮುಗಿದ ಮೇಲೆ ನೆಲ ಒರೆಸುವವರೂ ಆ ಮಕ್ಕಳೇ, ಅದೂ ಎಲ್ಲರೂ ಸೇರಿ. ತೊಮೊಎ ಮಕ್ಕಳು ಬೇರೆಲ್ಲೂ ಗೀಚುತ್ತಿರಲಿಲ್ಲ ಎಂದು ಲೇಖಕಿ ಹೇಳುತ್ತಾರೆ. ಗೀಚುವ ಆಸೆ ಅಲ್ಲೇ ತೀರುತ್ತಿತ್ತು, ಒರೆಸುವ ಕಷ್ಟವೂ ಅಲ್ಲೇ ತಿಳಿಯುತ್ತಿತ್ತು.

1981ರಲ್ಲಿ ಬಂದ ಈ ಪುಸ್ತಕ ಕನ್ನಡದಲ್ಲೂ ಲಭ್ಯವಿದೆ. ಶಿಕ್ಷಣದ ಕುರಿತ ಯಾವ ಚರ್ಚೆಯಲ್ಲೂ ಅದರ ಹೆಸರು ಬರುತ್ತದೆ. ಬಂದಾಗಲೆಲ್ಲ ಸ್ವಾತಂತ್ರ್ಯ ಕೊಡುವ ಶಾಲೆ, ಪ್ರೀತಿಯ ಮೇಷ್ಟ್ರು ಎಂಬ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ. ಈ ಎರಡು ತರಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ತನ್ನನ್ನು ತಾನು ತಡೆದುಕೊಳ್ಳುವುದು, ತನ್ನ ಸಂತೋಷದಿಂದ ಇನ್ನೊಬ್ಬರಿಗೆ ಎಷ್ಟು ಕೆಲಸ ಬೀಳುತ್ತದೆಂದು ತಿಳಿಯುವುದು, ಜಾಗ ಹಂಚಿಕೊಳ್ಳುವುದು, ಇವನ್ನೆಲ್ಲ ಮೊದಲನೆಯ ಶಾಲೆ ಮಗುವಿನಿಂದ ಕೇಳಿತು. ಎರಡನೆಯ ಶಾಲೆ ಏನನ್ನೂ ಕೇಳಲಿಲ್ಲ. ಇವೆಲ್ಲ ತಾವಾಗಿ ಆಗುವಂಥ ಒಂದು ಕೆಲಸವನ್ನು ಮಕ್ಕಳ ಮುಂದಿಟ್ಟಿತು.

ಇವತ್ತು ಇದಕ್ಕೊಂದು ಹೆಸರಿದೆ: ಸಾಮಾಜಿಕ ಮತ್ತು ಭಾವನಾತ್ಮಕ ಕಲಿಕೆ. ಅಮೆರಿಕದಲ್ಲಿ 1994ರಲ್ಲಿ ಹುಟ್ಟಿದ 'ಕ್ಯಾಸೆಲ್' ಎಂಬ ಸಂಸ್ಥೆ ಇದನ್ನು ಐದು ಸಾಮರ್ಥ್ಯಗಳಾಗಿ ವಿಂಗಡಿಸಿದೆ. ತನ್ನ ಅರಿವು, ತನ್ನ ನಿರ್ವಹಣೆ, ಸಮಾಜದ ಅರಿವು, ಸಂಬಂಧಗಳನ್ನು ಬೆಳೆಸುವ ಕೌಶಲ ಮತ್ತು ಹೊಣೆಯರಿತ ತೀರ್ಮಾನ. ಈ ಐದರ ಪಟ್ಟಿ ಈಗ ಬಹುತೇಕ ಜಗತ್ತನ್ನೆಲ್ಲ ಸುತ್ತಿದೆ. ನಮ್ಮಲ್ಲೂ ಶಿಕ್ಷಕರ ತರಬೇತಿಗಳಲ್ಲಿ, ಖಾಸಗಿ ಶಾಲೆಗಳ ಜಾಹೀರಾತುಗಳಲ್ಲಿ ಅದರ ಭಾಷೆ ಕೇಳಿಸುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆಯನ್ನು ಉಳಿದ ವಿಷಯಗಳ ಜೊತೆ ಬೆಸೆದು ಕಲಿಸಬೇಕು ಎನ್ನುತ್ತದೆ; ಮಗುವಿನ ಪ್ರಗತಿ ಪತ್ರದಲ್ಲಿ ಬುದ್ಧಿಯ ಜೊತೆಗೆ ಭಾವದ ಬೆಳವಣಿಗೆಯೂ ಕಾಣಬೇಕು ಎನ್ನುತ್ತದೆ. ಈ ಎರಡು ಆಶಯಗಳು ಕೂಡುವಲ್ಲಿ ಪ್ರಾಥಮಿಕ ಶಾಲೆಯ ಕಲಾ ಚಟುವಟಿಕೆ ನಿಂತಿದೆ. ಕೋಪ ಬಂದಾಗಿನ ನಿಮ್ಮ ಮುಖ ಬರೆಯಿರಿ, ನಿಮ್ಮ ಗೆಳೆಯನ ಒಳ್ಳೆಯ ಗುಣವನ್ನು ಎಲೆಯ ಮೇಲೆ ಬರೆದು ಮರಕ್ಕೆ ಅಂಟಿಸಿ, ಗುಂಪಿನಲ್ಲಿ ಕೊಲಾಜ್ ಮಾಡಿ ಎಂಬಂಥ ಚಟುವಟಿಕೆಗಳವು.

ಈ ಚಟುವಟಿಕೆಗಳನ್ನು ಹಗುರವಾಗಿ ತಳ್ಳಿಹಾಕಲಾಗದು. ಮಗುವಿಗೆ ಭಾವವೊಂದು ಇದೆ, ಅದು ಪಾಠದಷ್ಟೇ ಮುಖ್ಯ ಎಂದು ಶಾಲೆಯೊಂದು ಒಪ್ಪಿಕೊಳ್ಳುವುದೇ ನಮ್ಮಲ್ಲಿ ದೊಡ್ಡ ಸಂಗತಿ. ನನ್ನ ತಕರಾರು ಇರುವುದು ಕಲೆಯನ್ನು ಇಲ್ಲಿ ಕಂಡಿರುವ ಬಗೆಯ ಬಗ್ಗೆ. ಇಲ್ಲಿ ಕಲೆ ಒಂದು ಲಾರಿ. ಸಹಾನುಭೂತಿ, ಸಹಕಾರ, ಸಂಯಮ ಎಂಬ ಸರಕನ್ನು ಹೇರಿಕೊಂಡು ಬಂದು ಮಗುವಿನ ಮನೆಬಾಗಿಲಲ್ಲಿ ಇಳಿಸಿ ಹೋಗುವುದು ಅದರ ಕೆಲಸ. ಸರಕು ತಲುಪಿತೋ ಇಲ್ಲವೋ ಎಂದು ನೋಡಲು ರಸೀತಿ ಬೇಕಾಗುತ್ತದೆ, ಆ ರಸೀತಿಯೇ ಗ್ರೇಡು.

ಇದು ಊಹೆಯ ಮಾತಲ್ಲ. 2009ರಲ್ಲಿ ಸಿಬಿಎಸ್‌ಇ ಶಾಲೆಗಳಿಗೆ ಬಂದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ ಗಣಿತ, ವಿಜ್ಞಾನಗಳ ಜೊತೆಗೆ ಸಾಮಾಜಿಕ ಕೌಶಲ, ಭಾವನಾತ್ಮಕ ಕೌಶಲ ಎಂಬ ಕಾಲಮ್ಮುಗಳಿದ್ದವು; ಅವಕ್ಕೂ ಗ್ರೇಡು ಕೊಡಬೇಕಿತ್ತು. 2017ರಲ್ಲಿ ಆ ಪದ್ಧತಿ ಹೋಯಿತು, ಅದರ ಹಿಂದಿನ ಆಲೋಚನೆ ಮಾತ್ರ ಉಳಿದಿದೆ. ಭಾವನೆಗೆ ಬಿ ಗ್ರೇಡು ಪಡೆದ ಮಗು ಮುಂದಿನ ಸಲ ಎ ಪಡೆಯಲು ಏನು ಮಾಡಬೇಕು? ಅದು ಮಾಡಬಹುದಾದದ್ದು ಒಂದೇ: ಭಾವವನ್ನು ಇನ್ನಷ್ಟು ಚೆನ್ನಾಗಿ ತೋರಿಸುವುದು. ಮಕ್ಕಳು ಬಲು ಬೇಗ ಕಲಿಯುವ ವಿದ್ಯೆ ಅದು. ದೊಡ್ಡವರಿಗೆ ಎಂಥ ಚಿತ್ರ ಇಷ್ಟವೆಂದು ತಿಳಿದ ಮಗು ಅಂಥದ್ದನ್ನೇ ಬರೆದುಕೊಡುತ್ತದೆ, ಎಂಥ ದುಃಖ ಇಷ್ಟವೆಂದು ತಿಳಿದರೆ ಅದನ್ನೂ ಬರೆದುಕೊಡುತ್ತದೆ.

ನಮ್ಮ ಮಕ್ಕಳು ಬರೆದುಕೊಡುವ ಆ ಚಿತ್ರ ಎಲ್ಲರಿಗೂ ಗೊತ್ತು. ತ್ರಿಕೋನದ ಎರಡು ಬೆಟ್ಟ, ನಡುವೆ ಕಿರಣ ಬಿಟ್ಟ ಅರ್ಧ ಸೂರ್ಯ. ಬೆಟ್ಟದಿಂದ ಇಳಿದು ಅಗಲವಾಗುತ್ತ ಬರುವ ಹೊಳೆ, ದಡದಲ್ಲಿ ಒಂದು ಗುಡಿಸಲು, ಒಂದು ತೆಂಗಿನಮರ, ಆಕಾಶದಲ್ಲಿ ಟಿಕ್ ಮಾರ್ಕಿನಂಥ ನಾಲ್ಕು ಹಕ್ಕಿ. ಕೊಡಗಿನ ಮಗು ಇದನ್ನು ಬರೆದರೆ ಒಪ್ಪಬಹುದು. ಕಣ್ಣು ಹಾಯಿಸಿದಷ್ಟು ದೂರ ಎರೆಹೊಲವೇ ಇರುವ ಗದಗ ಸೀಮೆಯ ಮಗುವೂ ಇದನ್ನೇ ಬರೆಯುತ್ತದೆ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗುವೂ ಇದನ್ನೇ ಬರೆಯುತ್ತದೆ. ಇದನ್ನು ಕಲ್ಪನೆಯ ಬಡತನ ಎಂದು ಗೊಣಗುವುದು ಸುಲಭ. ನನಗೆ ಇದು ಜಾಣತನವೆಂದೇ ತೋರುತ್ತದೆ. ಚಿತ್ರ ಎಂಬ ಪ್ರಶ್ನೆಗೆ ಈ ರಾಜ್ಯದ ಮಕ್ಕಳು ತಲೆಮಾರುಗಳಿಂದ ಕಂಡುಕೊಂಡಿರುವ ಸರಿಯುತ್ತರ ಇದು. ಇದನ್ನು ಬರೆದವರನ್ನು ಯಾರೂ ಬೈಯುವುದಿಲ್ಲ, ಇದೇನು ಎಂದು ಕೇಳುವುದಿಲ್ಲ. ಮಗು ಆ ಬೆಟ್ಟಗಳ ಹಿಂದೆ ನಿಶ್ಚಿಂತೆಯಿಂದ ಅಡಗಿಕೊಳ್ಳಬಹುದು.

ಹಾಗೆ ಅಡಗುವ ಅಗತ್ಯ ಮಗುವಿಗೆ ಯಾಕೆ ಬರುತ್ತದೆ? ಚಿತ್ರ ನಮ್ಮ ಶಾಲೆಗಳಿಗೆ ಬರುವ ದಾರಿಯನ್ನು ನೋಡಿದರೆ ಇದು ಅರ್ಥವಾಗುತ್ತದೆ. ಬಹುಪಾಲು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರು ಇಲ್ಲ. ಚಿತ್ರ ನೆನಪಾಗುವುದು ಸ್ಪರ್ಧೆ ಬಂದಾಗ. ನಮ್ಮ 'ಪ್ರತಿಭಾ ಕಾರಂಜಿ'ಯಲ್ಲಿ ಚಿತ್ರ ಬರೆಯುವುದಿದೆ, ಮಣ್ಣಿನಲ್ಲಿ ಮಾದರಿ ಮಾಡುವುದಿದೆ, ಛದ್ಮವೇಷ, ಅಭಿನಯ ಗೀತೆ, ಕಥೆ ಹೇಳುವುದು ಎಲ್ಲ ಇದೆ. ಕ್ಲಸ್ಟರಿನಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಆಮೇಲೆ ರಾಜ್ಯಕ್ಕೆ ಹೋಗುತ್ತಾರೆ. ಊರು ಬಿಟ್ಟು ಹೊರಗೆ ಹೋಗದ ಎಷ್ಟೋ ಮಕ್ಕಳಿಗೆ ಮೊದಲ ವೇದಿಕೆ ಕೊಟ್ಟದ್ದು ಈ ಕಾರ್ಯಕ್ರಮವೇ ಎಂಬುದನ್ನು ಮರೆಯುವಂತಿಲ್ಲ. ಆದರೆ ಏಣಿಯ ಸ್ವಭಾವವೇ ಹಾಗೆ. ಮೇಲೆ ಹೋದಂತೆ ಮಂದಿ ಕಡಿಮೆಯಾಗಬೇಕು. ಶಾಲೆಯಲ್ಲಿ ಚೆನ್ನಾಗಿ ಬರೆಯುವ ಒಬ್ಬರನ್ನೋ ಇಬ್ಬರನ್ನೋ ಆರಿಸಿ ತಯಾರು ಮಾಡಲಾಗುತ್ತದೆ. ಉಳಿದ ಮಕ್ಕಳು ಅವತ್ತು ಚಪ್ಪಾಳೆ ತಟ್ಟುತ್ತಾರೆ, ತಮಗೆ ಚಿತ್ರ ಬರುವುದಿಲ್ಲ ಎಂಬುದನ್ನೂ ಅವತ್ತೇ ಕಲಿಯುತ್ತಾರೆ. ಬೆಳೆದ ಮೇಲೂ ನಾವೆಲ್ಲ ಎಷ್ಟು ಸಲೀಸಾಗಿ ಹೇಳುತ್ತೇವೆ ನೋಡಿ, 'ನನಗೆ ಡ್ರಾಯಿಂಗ್ ಬರಲ್ಲ' ಎಂದು.

ಸ್ಪರ್ಧೆಯ ಈ ಸೆಳೆತ ಎಷ್ಟು ಬಲವಾದದ್ದೆಂದರೆ, ಅದನ್ನು ವಿರೋಧಿಸಲು ಹೊರಟ ಕೃತಿಗಳನ್ನೂ ಅದು ಎಳೆದುಕೊಳ್ಳುತ್ತದೆ. 2007ರ ಹಿಂದಿ ಸಿನಿಮಾ 'ತಾರೆ ಜಮೀನ್ ಪರ್' ಇದಕ್ಕೆ ಒಳ್ಳೆಯ ಉದಾಹರಣೆ. ಪ್ರತಿ ಮಗುವೂ ತನ್ನದೇ ವೇಗದಲ್ಲಿ ಬೆಳೆಯುತ್ತದೆ, ಮಕ್ಕಳನ್ನು ಓಟದ ಕುದುರೆಗಳನ್ನಾಗಿ ಮಾಡಬೇಡಿ ಎಂದು ಇಡೀ ಸಿನಿಮಾ ಹೇಳುತ್ತದೆ. ಕೊನೆಗೆ ಏನಾಗುತ್ತದೆ? ಶಾಲೆಯಲ್ಲಿ ಚಿತ್ರಕಲಾ ಸ್ಪರ್ಧೆ ನಡೆಯುತ್ತದೆ, ನಿಜಜೀವನದ ಕಲಾವಿದೆ ಲಲಿತಾ ಲಾಜ್ಮಿ ತೀರ್ಪುಗಾರರಾಗಿ ಬರುತ್ತಾರೆ, ಇಶಾನ್ ಗೆಲ್ಲುತ್ತಾನೆ. ಅವನ ಚಿತ್ರ ಶಾಲೆಯ ವಾರ್ಷಿಕ ಸಂಚಿಕೆಯ ಮುಖಪುಟ ಸೇರುತ್ತದೆ. ನಾವು ಅಳುತ್ತೇವೆ. ಆ ಕಣ್ಣೀರು ಸುಳ್ಳಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಇಶಾನನ ಚಿತ್ರ ಅವತ್ತು ಸಾಧಾರಣವಾಗಿದ್ದಿದ್ದರೆ? ಓದಲು ಬಾರದ, ಚಿತ್ರವೂ ಬಾರದ ಹುಡುಗನಿಗೆ ಈ ಸಿನಿಮಾದಲ್ಲಿ ಜಾಗ ಎಲ್ಲಿದೆ?

ಜಾಗ ಇದೆ, ಆದರೆ ಕೊನೆಯ ದೃಶ್ಯದಲ್ಲಿಲ್ಲ. ಇಶಾನ್ ಒಂದು ನೋಟ್‌ಬುಕ್ಕಿನಲ್ಲಿ ಪುಟಪುಟಕ್ಕೂ ಚಿತ್ರ ಬರೆದಿರುತ್ತಾನೆ. ಸರಸರನೆ ಹಾಳೆ ತಿರುವಿದರೆ ಅಪ್ಪ, ಅಮ್ಮ, ಅಣ್ಣ ಇರುವ ಕಡೆಯಿಂದ ಒಬ್ಬ ಪುಟ್ಟ ಹುಡುಗ ದೂರ ದೂರ ಸರಿದು ಇಲ್ಲವಾಗುತ್ತಾನೆ. ಯಾರೂ ಅವನಿಗೆ 'ನಿನ್ನ ದುಃಖವನ್ನು ಚಿತ್ರಿಸು' ಎಂದಿರಲಿಲ್ಲ. ಯಾರಿಗೂ ತೋರಿಸಲೆಂದು ಅವನು ಅದನ್ನು ಬರೆದದ್ದೂ ಅಲ್ಲ. ಅದು ಮೇಷ್ಟ್ರು ನಿಕುಂಭ್ ಕಣ್ಣಿಗೆ ಬೀಳುತ್ತದೆ. ಅವರು ಅದಕ್ಕೆ ಅಂಕ ಕೊಡುವುದಿಲ್ಲ, ಹಾಳೆ ತಿರುವಿ ನೋಡುತ್ತಾರೆ, ಅಷ್ಟೆ. ಇಡೀ ಸಿನಿಮಾದಲ್ಲಿ ಕಲೆ ಮತ್ತು ಭಾವದ ಬಗ್ಗೆ ಆಳವಾದ ಮಾತು ಇರುವುದು ಇಲ್ಲೇ. ನಮ್ಮ ಕಾವ್ಯಮೀಮಾಂಸೆಯಲ್ಲಿ ಇಂಥ ನೋಡುಗನಿಗೆ ಸಹೃದಯ ಎಂಬ ಹೆಸರಿದೆ. ಸಹೃದಯನ ಕೆಲಸ ತೀರ್ಪು ಹೇಳುವುದಕ್ಕಿಂತ ಮೊದಲು ಬರುತ್ತದೆ; ಮಾಡಿದವನ ಹೃದಯದ ಜೊತೆ ತನ್ನದನ್ನು ಹೊಂದಿಸಿಕೊಳ್ಳುವುದು ಆ ಕೆಲಸ. ಪ್ರಾಥಮಿಕ ಶಾಲೆಯ ಕಲಾ ತರಗತಿಯಲ್ಲಿ ಮೇಷ್ಟ್ರು ತೀರ್ಪುಗಾರರಾಗಿ ನಿಂತರೆ ಮಗು ಬೆಟ್ಟದ ಹಿಂದೆ ಅಡಗುತ್ತದೆ. ಸಹೃದಯರಾಗಿ ನಿಂತರೆ ಮಾತ್ರ ನೋಟ್‌ಬುಕ್ಕು ಹೊರಗೆ ಬಂದೀತು.

ಹಾಗೆಂದು ಸ್ಪರ್ಧೆ ಎಂಬುದನ್ನೇ ಪಾಪವೆಂದು ಸಾರಬೇಕಾಗಿಲ್ಲ. ಇಲ್ಲಿ ಮತ್ತೆ ತೊಮೊಎ ಶಾಲೆ ನೆರವಿಗೆ ಬರುತ್ತದೆ. ಅಲ್ಲಿನ ಕ್ರೀಡಾದಿನದಲ್ಲಿ ಓಟಗಳಿವೆ, ಗೆಲ್ಲುವವರಿದ್ದಾರೆ, ಬಹುಮಾನವೂ ಇದೆ. ಕೈಕಾಲು ಬೆಳೆಯದ ತಕಾಹಾಶಿ ಎಂಬ ಹುಡುಗ ಎಲ್ಲ ಓಟಗಳಲ್ಲೂ ಮೊದಲು ಬರುತ್ತಾನೆ, ಯಾಕೆಂದರೆ ಬಟ್ಟೆಯ ಮೀನಿನ ಹೊಟ್ಟೆಯೊಳಗೆ ನುಸುಳಿ ಬರುವಂಥ ಆಟಗಳನ್ನು ಕೊಬಾಯಾಶಿ ಆರಿಸಿದ್ದಾರೆ. ಬಹುಮಾನ ಮೂಲಂಗಿ, ಸೊಪ್ಪು. ಮನೆಗೆ ಒಯ್ದು ರಾತ್ರಿಯ ಊಟಕ್ಕೆ ಅಡುಗೆ ಮಾಡಿಸಬೇಕು. ಆಟದ ನಿಯಮ ಮಾಡುವವರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಮ್ಮ ಚಿತ್ರ ಸ್ಪರ್ಧೆಗಳ ನಿಯಮ ಈಗಾಗಲೇ ಚೆನ್ನಾಗಿ ಬರೆಯುವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡಿದೆ.

ಕಲೆ ಲಾರಿಯಲ್ಲ ಎಂದಾದರೆ ಮತ್ತೇನು? ಶಾಂತಿನಿಕೇತನದ ಕಲಾಭವನದಲ್ಲಿ ಓದಿ, 1944ರಿಂದ 1962ರವರೆಗೆ ಗಾಂಧೀಜಿಯ ಸೇವಾಗ್ರಾಮದಲ್ಲಿ ಮಕ್ಕಳಿಗೆ ಕಲೆ ಕಲಿಸಿದ ದೇವಿಪ್ರಸಾದ್ ಆ ಅನುಭವದಿಂದ ಬರೆದ ಪುಸ್ತಕ ಹಿಂದಿಯಲ್ಲಿ 'ಶಿಕ್ಷಾ ಕಾ ವಾಹನ್: ಕಲಾ', ಇಂಗ್ಲಿಷಿನಲ್ಲಿ 'ಆರ್ಟ್: ದಿ ಬೇಸಿಸ್ ಆಫ್ ಎಜುಕೇಷನ್'. ಒಂದರಲ್ಲಿ ಕಲೆ ವಾಹನ, ಇನ್ನೊಂದರಲ್ಲಿ ತಳಹದಿ. ಇವೆರಡೂ ಹೇಗೆ ಹೊಂದುತ್ತವೆ ಎಂದು ಮೊದಲಿಗೆ ಗೊಂದಲವಾಗಬಹುದು. ನಮ್ಮ ಭಾಷೆಗಳಲ್ಲಿ ವಾಹನ ಎಂದರೆ ಸರಕು ಇಳಿಸಿ ಹೋಗುವ ಗಾಡಿ ಮಾತ್ರವಲ್ಲ. ಗಣಪತಿಗೆ ಇಲಿ ವಾಹನ, ಸುಬ್ರಹ್ಮಣ್ಯನಿಗೆ ನವಿಲು. ಇಲಿಯನ್ನು ತೆಗೆದು ಗಣಪತಿಯನ್ನಷ್ಟೇ ಕೂರಿಸಿದರೆ ಮೂರ್ತಿ ಪೂರ್ತಿಯಾಗುವುದಿಲ್ಲ. ಸಹನೆ ಎಂಬುದು ಮಣ್ಣಿನ ಮೇಲೆ ಸವಾರಿ ಮಾಡಿಕೊಂಡು ಬಂದು ಮಗುವಿನೊಳಗೆ ಇಳಿಯುವುದಿಲ್ಲ. ಮಣ್ಣು ಹದಕ್ಕೆ ಬರುವವರೆಗೆ ಕೈ ಕಾದದ್ದೇ ಸಹನೆ.

ಹದ ಎಂಬ ಮಾತು ಕನ್ನಡಕ್ಕೆ ಎಷ್ಟು ಹತ್ತಿರದ್ದು! ಹೊಲಕ್ಕೆ ಹದ, ಬೆಲ್ಲದ ಪಾಕಕ್ಕೆ ಹದ, ಚರ್ಮಕ್ಕೆ ಹದ, ಮಾತಿಗೆ ಹದ. ಉತ್ತರ ಕರ್ನಾಟಕದ ಮನೆಗಳಲ್ಲಿ ಜ್ಯೇಷ್ಠ ಮಾಸದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಣ್ಣಿನ ಎತ್ತು ಮಾಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುತ್ತಾರೆ. ನೀರು ಹೆಚ್ಚಾದರೆ ಎತ್ತಿನ ಕಾಲು ಕುಸಿಯುತ್ತದೆ, ಕಡಿಮೆಯಾದರೆ ಕೊಂಬು ಬಿರಿಯುತ್ತದೆ. ಸಿಟ್ಟಿನಿಂದ ಅದುಮಿದರೆ ಮಣ್ಣು ಮಾತು ಕೇಳುವುದಿಲ್ಲ. ಇಲ್ಲಿ ಮಗುವಿಗೆ ಸಂಯಮ ಹೇಳಿಕೊಡುವ ಶಿಕ್ಷಕ ಮಣ್ಣೇ. ಅದಕ್ಕೆ ಮುಲಾಜಿಲ್ಲ, ಅವಮಾನ ಮಾಡುವ ಬುದ್ಧಿಯೂ ಇಲ್ಲ. ಮಣ್ಣು ಬೇಡವೆಂದದ್ದನ್ನು ಮಗು ಬೇಸರವಿಲ್ಲದೆ ಮತ್ತೆ ಮಾಡುತ್ತದೆ. ಇದೇ ಮಾತನ್ನು ಕೆಂಪು ಶಾಯಿ ಹೇಳಿದ್ದರೆ ಅದು ಕೈಬಿಡುತ್ತಿತ್ತು.

ಸಂಶೋಧನೆಗೆಂದು ನಾನು ಹೋಗಿ ಕೂರುವ ಒಂದು ಮೂರನೆಯ ತರಗತಿಯಲ್ಲಿ ನಾಲ್ಕು ಮಕ್ಕಳಿಗೆ ಒಂದು ಕ್ರೇಯಾನ್ ಡಬ್ಬಿ. ಎಲ್ಲ ಡಬ್ಬಿಗಳಲ್ಲೂ ಮೊದಲು ಸವೆಯುವುದು ಕಪ್ಪು, ಯಾಕೆಂದರೆ ಕೂದಲಿಗೂ ಅದೇ ಬೇಕು, ಗೆರೆ ಎಳೆಯಲೂ ಅದೇ ಬೇಕು. ಒಂದು ಗುಂಪಿನಲ್ಲಿ ಬೆರಳ ಉಗುರಿನಷ್ಟು ಉಳಿದಿದ್ದ ಕಪ್ಪು ತುಂಡಿಗೆ ಜಗಳ ಶುರುವಾಯಿತು. ಟೀಚರ್ ಬೇರೊಂದು ಗುಂಪಿನ ಜೊತೆ ಇದ್ದರು, ಅವರಿಗೆ ಇದು ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ತನ್ನ ಚಿತ್ರದ ಅಜ್ಜಿಯ ಕೂದಲಿಗೆ ಕಂದು ಬಣ್ಣ ಬಳಿಯತೊಡಗಿದಳು. ಪಕ್ಕದವನು ನೋಡಿ, 'ಅಜ್ಜಿಗೆ ಬಿಳೀನೇ ಬಿಡೇ, ಚಂದ ಕಾಣ್ತದೆ' ಎಂದ. ಆ ತುಂಡು ಕೊನೆಗೆ ಯಾರ ಕೈಗೂ ಪೂರ್ತಿ ಹೋಗಲಿಲ್ಲ, ನಡುವೆ ಇಟ್ಟುಕೊಂಡರು. ಕ್ಯಾಸೆಲ್ಲಿನ ಐದು ಸಾಮರ್ಥ್ಯಗಳಲ್ಲಿ ಕನಿಷ್ಠ ನಾಲ್ಕು ಆ ಹತ್ತು ನಿಮಿಷದಲ್ಲಿದ್ದವು. ಅವತ್ತಿನ ಚಟುವಟಿಕೆಯ ಉದ್ದೇಶದ ಕಾಲಮ್ಮಿನಲ್ಲಿ ಬರೆದಿದ್ದದ್ದು 'ಕುಟುಂಬದ ಸದಸ್ಯರನ್ನು ಗುರುತಿಸುವುದು'.

ಭಾವವನ್ನು ವಸ್ತುವಾಗಿ ಮುಂದಿಟ್ಟು ಬರೆಸಿದರೆ ಭಾವ ಬರುತ್ತದೆ ಎಂಬ ನಂಬಿಕೆಯನ್ನು ಪ್ರಶ್ನಿಸಲು ಇನ್ನೊಂದು, ಬಹಳ ಕಠಿಣವಾದ ಉದಾಹರಣೆ ಇದೆ. ಕಲೆಯಿಂದ ಮಕ್ಕಳ ಮನಸ್ಸಿಗೆ ಏನು ಸಿಗುತ್ತದೆ ಎಂದು ಯಾರೇ ಕೇಳಿದರೂ ಕೊನೆಗೆ ಆ ಹೆಸರಿಗೆ ಬಂದು ನಿಲ್ಲಬೇಕಾಗುತ್ತದೆ. ವಿಯೆನ್ನಾದಲ್ಲಿ 1898ರಲ್ಲಿ ಹುಟ್ಟಿದ ಯಹೂದಿ ಕಲಾವಿದೆ ಫ್ರೀಡಲ್ ಡಿಕರ್-ಬ್ರಾಂಡೈಸ್ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಓದಿದವರು, ಅಲ್ಲಿ ಯೋಹಾನಸ್ ಇಟ್ಟನ್ ಅವರ ಶಿಷ್ಯೆ. 1942ರ ಡಿಸೆಂಬರಿನಲ್ಲಿ ನಾತ್ಸಿಗಳು ಅವರನ್ನು ಈಗಿನ ಚೆಕ್ ದೇಶದಲ್ಲಿರುವ ತೆರೆಜಿನ್ ಎಂಬ ಸೆರೆಯೂರಿಗೆ ಸಾಗಿಸಿದರು. ತಂದೆತಾಯಿಯರಿಂದ ಬೇರೆಯಾಗಿ, ಹಸಿದು, ಮುಂದಿನ ರೈಲು ಯಾವಾಗ ಎಂಬ ಭಯದಲ್ಲಿ ಬದುಕುತ್ತಿದ್ದ ಮಕ್ಕಳಿಗೆ ಅವರು ಚಿತ್ರ ಕಲಿಸಿದರು.

ಅವರು ಏನು ಕಲಿಸಿದರು ಎಂಬುದು ಇಲ್ಲಿ ಮುಖ್ಯ. 'ನಿಮ್ಮ ಭಯ ಬರೆಯಿರಿ' ಎಂಬುದು ಅವರ ಪಾಠವಾಗಿರಲಿಲ್ಲ. ಲಯಕ್ಕೆ ತಕ್ಕಂತೆ ಗೆರೆ ಎಳೆಯುವುದು, ಎದುರಿಗಿರುವ ವಸ್ತುವನ್ನು ನೋಡಿ ಬರೆಯುವುದು, ಹಳೆಯ ದೊಡ್ಡ ಕಲಾವಿದರ ಚಿತ್ರಗಳ ರಚನೆಯನ್ನು ಗಮನಿಸುವುದು, ಕಚೇರಿಯ ರದ್ದಿ ಕಾಗದ ಹರಿದು ಕೊಲಾಜ್ ಮಾಡುವುದು, ಹೀಗೆ ಬೌಹೌಸಿನಲ್ಲಿ ತಾವು ಕಲಿತದ್ದನ್ನೇ ಆ ಮಕ್ಕಳಿಗೂ ಕಲಿಸಿದರು. ಸಂಕಟದಲ್ಲಿರುವ ಮಕ್ಕಳು ಎಂದು ಪಾಠವನ್ನು ಸಡಿಲ ಮಾಡಲಿಲ್ಲ. ಎಲ್ಲರನ್ನೂ ಕಲಾವಿದರನ್ನಾಗಿ ಮಾಡುವ ಉದ್ದೇಶವೂ ಅವರಿಗಿರಲಿಲ್ಲ. ಚಿತ್ರಗಳಿಗೆ ಮಕ್ಕಳು ತಮ್ಮ ಹೆಸರು ಬರೆಯುತ್ತಿದ್ದರು. ಸಾಗಣೆಯ ಪಟ್ಟಿಯಲ್ಲಿ ಸಂಖ್ಯೆಯಾಗಿದ್ದ ಮಗುವಿಗೆ ಹಾಳೆಯ ಮೂಲೆಯಲ್ಲಿ ಹೆಸರಿತ್ತು. 1944ರ ಅಕ್ಟೋಬರಿನಲ್ಲಿ ಫ್ರೀಡಲ್ ಅವರನ್ನು ಆಶ್ವಿಟ್ಜ್‌ಗೆ ಒಯ್ದು ಕೊಲ್ಲಲಾಯಿತು. ಎರಡು ಸೂಟ್‌ಕೇಸ್‌ಗಳಲ್ಲಿ ಉಳಿದಿದ್ದ ಸುಮಾರು 4,500 ಚಿತ್ರಗಳು ಯುದ್ಧ ಮುಗಿದ ಮೇಲೆ ಪ್ರಾಗ್ ತಲುಪಿದವು, ಈಗ ಅಲ್ಲಿನ ಯಹೂದಿ ಮ್ಯೂಸಿಯಮ್ಮಿನಲ್ಲಿವೆ. ಅವನ್ನು ಬರೆದ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ.

ಕಲೆ ಆ ಮಕ್ಕಳನ್ನು ಕಾಪಾಡಿತು ಎಂದು ಬರೆಯುವುದು ಅಪಚಾರವಾದೀತು. ಕಲೆ ಅವರಿಗೆ 'ತಾಳಿಕೊಳ್ಳುವ ಕೌಶಲ' ಕಲಿಸಿತು ಎನ್ನುವುದು ಅದಕ್ಕಿಂತ ದೊಡ್ಡ ಅಪಚಾರ. ಯಾವ ಮಗುವೂ ಅಂಥದ್ದನ್ನು ತಾಳಿಕೊಳ್ಳಲು ಕಲಿಯಬೇಕಾಗಿ ಬರಬಾರದು. ಹೇಳಬಹುದಾದದ್ದು ಇಷ್ಟೇ: ಒಂದು ಗಂಟೆಯ ಹೊತ್ತು ಆ ಮಕ್ಕಳ ಮುಂದೆ ಗಂಭೀರವಾದ ಕೆಲಸವೊಂದಿತ್ತು, ಅದನ್ನು ಅಷ್ಟೇ ಗಂಭೀರವಾಗಿ ನೋಡುವ ಒಬ್ಬರು ಎದುರಿಗಿದ್ದರು. ತೆರೆಜಿನ್‌ಗೆ ಹೋಗುವ ಮೊದಲು ಪ್ರಾಗ್‌ನಲ್ಲಿ ನಿರಾಶ್ರಿತರ ಮಕ್ಕಳಿಗೆ ಫ್ರೀಡಲ್ ಕಲಿಸುತ್ತಿದ್ದಾಗ ಜೊತೆಗಿದ್ದ ಶಿಷ್ಯೆ ಎಡಿತ್ ಕ್ರಾಮರ್ ಮುಂದೆ ಅಮೆರಿಕಕ್ಕೆ ಹೋಗಿ ಕಲಾಚಿಕಿತ್ಸೆಯ ಕ್ಷೇತ್ರವನ್ನು ಕಟ್ಟಿದವರಲ್ಲಿ ಒಬ್ಬರಾದರು. ಇವತ್ತಿನ ನಮ್ಮ ಚಟುವಟಿಕೆಗಳ ಹಿಂದೆ ಇಂಥ ಮೂಲಗಳಿವೆ. ನಾವು ಆ ಮೂಲಗಳಿಂದ ಚಟುವಟಿಕೆಯನ್ನು ತೆಗೆದುಕೊಂಡು ಕೆಲಸದ ಗಾಂಭೀರ್ಯವನ್ನು ಅಲ್ಲೇ ಬಿಟ್ಟು ಬಂದಿದ್ದೇವೆ.

ಇಷ್ಟು ಹೇಳಿದ ಮೇಲೆ ಶಿಕ್ಷಕರು ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕು. ಒಬ್ಬರೇ ಟೀಚರ್, ಎರಡು ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಬಿಸಿಯೂಟದ ಲೆಕ್ಕ, ಆನ್‌ಲೈನಿನಲ್ಲಿ ತುಂಬಬೇಕಾದ ಮಾಹಿತಿ. ಇದರ ನಡುವೆ ಸಹೃದಯತೆಗೆ ಸಮಯ ಎಲ್ಲಿದೆ? ಪ್ರಶ್ನೆ ನ್ಯಾಯವಾದದ್ದು. ಅದಕ್ಕೇ ಚಟುವಟಿಕೆಯ ಪಟ್ಟಿಗೆ ಇನ್ನೊಂದು ಚಟುವಟಿಕೆ, ಗ್ರೇಡಿನ ಪಟ್ಟಿಗೆ ಇನ್ನೊಂದು ಕಾಲಮ್ಮು ಸೇರಿಸಬಾರದು. ತೊಮೊಎ ಪಾಠಕ್ಕೆ ಬೇಕಾದದ್ದು ಸೀಮೆಸುಣ್ಣ, ನೆಲ, ಒರೆಸುವ ಬಟ್ಟೆ. ಪಿಯಾನೊ ಇಲ್ಲದಿದ್ದರೆ ತಮಟೆ ಇದೆ, ಹಾಡು ಇದೆ. ಬೆಟ್ಟ ಸೂರ್ಯ ಬರೆಯುವ ಮಗುವಿಗೆ 'ನಿಮ್ಮೂರ ಬಸ್‌ಸ್ಟ್ಯಾಂಡ್ ಹೇಗಿದೆ, ಅಲ್ಲಿ ಯಾರು ಕೂತಿರುತ್ತಾರೆ' ಎಂದು ಕೇಳಲು ಖರ್ಚಿಲ್ಲ. ಬರೆದ ಮೇಲೆ ಅದನ್ನು ವಿವರಿಸಲೇಬೇಕು ಎಂದು ಒತ್ತಾಯಿಸದೆ ಇರಲೂ ಖರ್ಚಿಲ್ಲ. ಮೌನವಾಗಿರುವ ಹಕ್ಕು ಮಗುವಿಗೂ ಇದೆ; ಆ ಹಕ್ಕನ್ನು ಗೌರವಿಸದ ಭಾವನಾತ್ಮಕ ಶಿಕ್ಷಣ ಬರೀ ಇಣುಕಿ ನೋಡುವಿಕೆಯಾಗುತ್ತದೆ.

ಆದರೆ ತೊಮೊಎ ಪಾಠವನ್ನು ನಮ್ಮ ಶಾಲೆಗೆ ತರುವಾಗ ಒಂದು ಕಡೆ ಎಚ್ಚರ ಬೇಕು, ಅದು ಕೊನೆಯ ಹತ್ತು ನಿಮಿಷದಲ್ಲಿ. ಟೋಕಿಯೊದಲ್ಲಿ ಎಲ್ಲ ಮಕ್ಕಳೂ ಸೇರಿ ನೆಲ ಒರೆಸಿದರು ಎಂದರೆ ಅದೊಂದು ಸರಳ ವಾಕ್ಯ. ನಮ್ಮಲ್ಲಿ ಅದು ಸರಳವಲ್ಲ. ಶಾಲೆಯ ಶೌಚಾಲಯ ತೊಳೆಯುವ ಕೆಲಸಕ್ಕೆ ದಲಿತ ಮಕ್ಕಳನ್ನೇ ಹಚ್ಚಿದ ಸುದ್ದಿಗಳನ್ನು ನಾವು ಓದಿದ್ದೇವೆ. ಗುಡಿಸುವುದಕ್ಕೆ ಹುಡುಗಿಯರೇ ಮುಂದೆ ಬರುವುದನ್ನು ಸಹಜವೆಂದು ನೋಡುತ್ತ ಬೆಳೆದಿದ್ದೇವೆ. ಮಣ್ಣು ತುಳಿಯುವುದು, ಚರ್ಮ ಹದ ಮಾಡುವುದು, ನೆಲ ಸಾರಿಸುವುದು ಯಾರ ಕೆಲಸ ಎಂದು ಜಾತಿ ಮೊದಲೇ ಬರೆದಿಟ್ಟಿರುವ ಸಮಾಜ ಇದು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕೆಲಸವನ್ನು ಎಲ್ಲ ಮಕ್ಕಳ ಶಿಕ್ಷಣದ ನಡುವೆ ತಂದಿಟ್ಟದ್ದರ ಅರ್ಥ ಇಂಥ ಸಮಾಜದಲ್ಲಿ ಬೇರೆಯೇ ಆಗುತ್ತದೆ. ಸಾಮಾಜಿಕ ಕೌಶಲ ಎಂಬ ಮಾತಿನಲ್ಲಿ 'ಸಾಮಾಜಿಕ' ಎಂಬುದು ಬರೀ ಗುಂಪಿನಲ್ಲಿ ನಯವಾಗಿ ಮಾತನಾಡುವುದಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ. ಎಲ್ಲ ಮಕ್ಕಳ ಕೈಗೂ ಬಣ್ಣ ಸಿಕ್ಕಿತು, ಎಲ್ಲರ ಚಿತ್ರವೂ ಗೋಡೆ ಸೇರಿತು ಎಂದು ಸಂತೋಷಪಟ್ಟು ಮುಗಿಸುವ ಮೊದಲು, ಗಂಟೆ ಹೊಡೆದ ಮೇಲೂ ತರಗತಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬೇಕು. ಒರೆಸುವ ಬಟ್ಟೆ ಯಾರ ಕೈಗೆ ಹೋಗುತ್ತಿದೆ, ಯಾರು ಚೀಲ ಹೆಗಲಿಗೇರಿಸಿ ಹೊರಟಿದ್ದಾರೆ ಎಂಬುದು ಅಲ್ಲಿ ಕಾಣುತ್ತದೆ. ಯಾವ ಪ್ರಗತಿ ಪತ್ರಕ್ಕಿಂತಲೂ ಚೆನ್ನಾಗಿ ಕಾಣುತ್ತದೆ.